ಗಾತ್ರ ಒಂದೇ, ಗೋತ್ರ ಬೇರೆ

ಬ್ಲೌಸ್ ಹೊಲಿಯೋಕೆ ಕೊಡುವಾಗ ಅಳತೆಗೆ ಅಂತ ಹಳೇದೊಂದನ್ನ ಜೊತೇಲಿ ಕೊಡ್ತೀವಲ್ಲ, 2025ರ ಬೇಸಿಗೆಯಲ್ಲಿ ನಾನು ಎಸ್.ಪಿ. ರೋಡಿಗೆ ಕಂಪ್ಯೂಟರಿನ ರ‍್ಯಾಮ್ ತರೋಕೂ ಹಾಗೇ ಹೋಗಿದ್ದೆ. ಮಗಳು ಗೇಮ್ ಆಡೋ ಕಂಪ್ಯೂಟರನ್ನ ಬಿಡಿ ಸಾಮಾನು ತಂದು ತಾನೇ ಜೋಡಿಸ್ತೀನಿ ಅಂತ ಹಟ ಹಿಡಿದಿದ್ಲು. ಎರಡು ವರ್ಷ ಬೀದಿ ಮಕ್ಕಳಿಗೆಲ್ಲ ಲೆಕ್ಕದ ಪಾಠ ಹೇಳಿ ಕೂಡಿಟ್ಟ ದುಡ್ಡು ಅವಳದು. "ಹೆಣ್ಣುಹುಡುಗಿಗೆ ಗೇಮ್ ಯಾಕೆ, ಆ ದುಡ್ಡಲ್ಲಿ ಒಂದು ಜೊತೆ ಓಲೆ ಬರ್ತಿತ್ತು" ಅಂದವರು ಇದನ್ನ ಓದೋರಲ್ಲೇ ಇದ್ದೀರಿ, ಹೆಸರು ಹೇಳಲ್ಲ ಬಿಡಿ.

ಎಲ್ಲ ಸಾಮಾನೂ ಬಂದಿತ್ತು, ರ‍್ಯಾಮ್ ಒಂದೇ ಬಾಕಿ. ಅವತ್ತು ಅವಳಿಗೆ ಲ್ಯಾಬ್ ಪರೀಕ್ಷೆ. "ನಾನೇ ತರ್ತೀನಿ ಬಿಡೇ" ಅಂತ ಹೊರಟೆ. ಅವಳು ಬರೆದಿಟ್ಟಿದ್ದ ಚೀಟಿ ಫ್ರಿಜ್ ಮೇಲೇ ಉಳೀತು. ಹದಿನಾರು ಜಿಬಿ ಅನ್ನೋದೊಂದು ತಲೇಲಿತ್ತು. ಬ್ಯಾಗಲ್ಲಿ ನಮ್ಮ ಭಾವನ ಮಗ ತನ್ನ ಕಂಪ್ಯೂಟರಿಂದ ಬಿಚ್ಚಿ ಕೊಟ್ಟಿದ್ದ ಹಳೇ ರ‍್ಯಾಮ್ ಪಟ್ಟಿ, ಅಳತೆಗೆ. ಅಂಗಡಿಯಲ್ಲಿ ಅದನ್ನ ತೋರಿಸಿ "ಇದೇ ಥರದ್ದು, ಹದಿನಾರು ಜಿಬಿ ಕೊಡಪ್ಪ" ಅಂದೆ. ಅವನು ಅದೇ ಥರದ್ದೇ ಕೊಟ್ಟ. ಉದ್ದ ಸರಿ, ಅಗಲ ಸರಿ, ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳೂ ಅಷ್ಟೇ. ಸಂಜೆ ಮಗಳು ಬರೋದ್ರೊಳಗೆ ನಾನೇ ಪ್ಯಾಕೆಟ್ ಒಡೆದು, ಮದರ್‌ಬೋರ್ಡಿನ ಸಂದಿಗೆ ಇಟ್ಟು ಎರಡೂ ಹೆಬ್ಬೆರಳಲ್ಲಿ ಒತ್ತೋಕೆ ಶುರು ಮಾಡಿದ್ದೆ. ಕೂರ್ತಾ ಇಲ್ಲ. ಇನ್ನೊಂಚೂರು ಒತ್ತೋಣ ಅನ್ನುವಾಗ ಬಾಗಿಲಲ್ಲೇ ಅವಳು ಕಿರುಚಿದ್ಲು, "ಅಮ್ಮಾ, ಕೈ ತೆಗಿ!"

ಅವಳ ಬೋರ್ಡಿಗೆ ಬೇಕಾಗಿದ್ದು ಡಿಡಿಆರ್ 5. ನಾನು ತಂದಿದ್ದು ಡಿಡಿಆರ್ 4. ಇನ್ನೊಂದು ಸಲ ಒತ್ತಿದ್ದಿದ್ರೆ ಸಂದಿ ಬಿರುಕು ಬಿಟ್ಟು ಬೋರ್ಡೇ ಹೋಗ್ತಿತ್ತು, ಅದರ ಜೊತೆ ಎರಡು ವರ್ಷದ ಪಾಠದ ದುಡ್ಡಿನ ದೊಡ್ಡ ಪಾಲೂ ಹೋಗ್ತಿತ್ತು. ಹಾಗಾಗದ ಹಾಗೆ ತಡೆದಿದ್ದು ಪಟ್ಟಿಯ ಕೆಳಗಡೆ ಇರೋ ಒಂದು ಸಣ್ಣ ಕಚ್ಚು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಆ ಕಚ್ಚು ಒಂದರಲ್ಲಿ ಕೊಂಚ ಈ ಕಡೆ, ಇನ್ನೊಂದರಲ್ಲಿ ಕೊಂಚ ಆ ಕಡೆ. ಮದುವೆಗೆ ಗೋತ್ರ ಬೇರೆ ಇರಬೇಕು ಅಂತ ನೋಡ್ತೀವಿ. ಇಲ್ಲಿ ಬೋರ್ಡಿಂದೂ ರ‍್ಯಾಮಿಂದೂ ಒಂದೇ ಗೋತ್ರ ಇರಬೇಕಂತೆ.

ಈ ಕಚ್ಚು ಯಾಕೆ, ಯಾವಾಗಿಂದ ಅಂತ ತಲೇಲಿ ಹುಳ ಬಿಟ್ಟುಕೊಂಡು ಮಗಳನ್ನ ಕೇಳ್ತಾ, ಓದ್ತಾ ಕೂತೆ. ಓದಿದಷ್ಟೂ ನಮಗೆ ಹತ್ತಿರದ ಕಥೆ ಅನ್ನಿಸ್ತು, ಅದಕ್ಕೇ ಇವತ್ತು ಬರೀತಿರೋದು.

ಮೊದಲು ರ‍್ಯಾಮ್ ಅಂದ್ರೆ ಏನು ಅಂತ ಹೇಳಿಬಿಡ್ತೀನಿ. ಕಂಪ್ಯೂಟರಿಗೆ ಎರಡು ಥರದ ನೆನಪು. ಒಂದು ಉಗ್ರಾಣ, ಅಕ್ಕಿ ಬೇಳೆ ವರ್ಷಗಟ್ಟಲೆ ಇಡೋ ಜಾಗ. ಅದು ಹಾರ್ಡ್‌ಡಿಸ್ಕು, ಎಸ್‌ಎಸ್‌ಡಿ. ಇನ್ನೊಂದು ಅಡುಗೆಕಟ್ಟೆ, ಈಗ ಹೆಚ್ಚಿದ ತರಕಾರಿ, ಈಗ ತುರಿದ ಕಾಯಿ ಕೈಗೆ ಸಿಗೋ ಹಾಗೆ ಇಟ್ಕೊಳ್ಳೋ ಜಾಗ. ಅದು ರ‍್ಯಾಮ್. ಕಟ್ಟೆ ಚಿಕ್ಕದಾದ್ರೆ ಪ್ರತಿ ಸಲ ಉಗ್ರಾಣಕ್ಕೆ ಓಡಬೇಕು, ಅಡುಗೆ ನಿಧಾನ. ಗೇಮ್‌ಗಳಲ್ಲಿ ಕಾಡು, ಊರು, ಜನ ಎಲ್ಲ ಕ್ಷಣಕ್ಷಣಕ್ಕೂ ಬದಲಾಗೋದ್ರಿಂದ ಕಟ್ಟೆ ದೊಡ್ಡದು ಬೇಕು.

ಎಸ್.ಪಿ. ರೋಡಿನ ಮಗ್ಗುಲಲ್ಲೇ ಕಬ್ಬನ್‌ಪೇಟೆ ಇದೆ, ನಿಮಗೆಲ್ಲ ಗೊತ್ತು. ನಾನು ಹುಡುಗಿಯಾಗಿದ್ದಾಗ ಆ ಗಲ್ಲಿಗಳಲ್ಲಿ ನಡೆದ್ರೆ ಮಗ್ಗದ ಟಕಟಕ ಸದ್ದು ಜೊತೆಗೇ ಬರ್ತಿತ್ತು. ರೇಷ್ಮೆ ಸೀರೆಯ ಅಂಚಿಗೆ ನವಿಲು, ಮಾವಿನಕಾಯಿ ತೆಗೀಬೇಕಾದ್ರೆ ಮಗ್ಗದ ಮೇಲೆ ತೂತು ಹೊಡೆದ ರಟ್ಟುಗಳ ಮಾಲೆ ಒಂದು ನೇತಾಡ್ತಿರುತ್ತೆ. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಅನ್ನೋದನ್ನ ಆ ತೂತುಗಳು ನೆನಪಿಟ್ಟುಕೊಂಡಿರುತ್ತವೆ. ಫ್ರಾನ್ಸಿನ ಜಕಾರ್ಡ್ ಅನ್ನೋ ನೇಕಾರ 1804ರಲ್ಲಿ ಮಾಡಿದ ಯಂತ್ರ ಅದು. ಆ ಜಕಾರ್ಡಿನಲ್ಲೂ 120 ಹುಕ್ಕಿನದು, 240 ಹುಕ್ಕಿನದು ಅಂತ ಇದೆ. ಒಂದಕ್ಕೆ ಹೊಡೆದ ರಟ್ಟು ಇನ್ನೊಂದಕ್ಕೆ ಕೂರಲ್ಲ. ನವಿಲು ಎಷ್ಟೇ ಚೆನ್ನಾಗಿರಲಿ, ಮಗ್ಗ ಯಾವುದು ಅಂತ ಕೇಳಿಯೇ ರಟ್ಟು ಹೊಡೀಬೇಕು. ನಾನು ರ‍್ಯಾಮ್ ವಿಷಯದಲ್ಲಿ ಮಾಡಿದ ತಪ್ಪನ್ನ ಕಬ್ಬನ್‌ಪೇಟೆ ನೇಕಾರರು ಯಾವತ್ತೂ ಮಾಡ್ತಿರಲಿಲ್ಲ.

ಕಂಪ್ಯೂಟರುಗಳು ಹುಟ್ಟಿದ ಮೇಲೂ ನೆನಪು ಅನ್ನೋದು ಕೈಕೆಲಸವೇ ಆಗಿತ್ತು. 1950ರ ದಶಕದಿಂದ ಸುಮಾರು ಇಪ್ಪತ್ತು ವರ್ಷ ಕಂಪ್ಯೂಟರಿನ ನೆನಪು ಅಂದ್ರೆ ಫೆರೈಟ್ ಅನ್ನೋ ವಸ್ತುವಿನಿಂದ ಮಾಡಿದ ಕಪ್ಪು ಉಂಗುರಗಳು. ಸಾಸಿವೆ ಕಾಳಿನ ಆಸುಪಾಸಿನ ಗಾತ್ರ. ಒಂದೊಂದು ಉಂಗುರದ ಒಳಗೂ ಕೂದಲೆಳೆಯಂಥ ತಂತಿಗಳನ್ನ ಅಡ್ಡಕ್ಕೆ, ಉದ್ದಕ್ಕೆ ಹಾಯಿಸಬೇಕು. ಕರಿಮಣಿ ಪೋಣಿಸೋ ಕೆಲಸ ಅಂದ್ಕೊಳ್ಳಿ, ಆದರೆ ಒಂದೇ ಎಳೇಲಲ್ಲ, ಚಾಪೆ ಹೆಣೆದ ಹಾಗೆ. ಒಂದು ಉಂಗುರ ಒಂದು ಅಂಶ ನೆನಪಿಡುತ್ತೆ, ಹೌದು ಇಲ್ಲವೇ ಅಲ್ಲ, ಅಷ್ಟೇ. ಈ ಕೆಲಸ ಯಾರು ಮಾಡ್ತಿದ್ರು? ಹೆಚ್ಚಾಗಿ ಹೆಂಗಸರು. ಸೂಕ್ಷ್ಮದರ್ಶಕದ ಕೆಳಗೆ ಸೂಜಿ ಹಿಡಿದು ಕೂತು.

1969ರಲ್ಲಿ ಚಂದ್ರನ ಮೇಲೆ ಮನುಷ್ಯ ಇಳಿದನಲ್ಲ, ಆ ಅಪೊಲೊ ನೌಕೆಯ ಕಂಪ್ಯೂಟರಿನ ನೆನಪನ್ನೂ ಹೆಂಗಸರೇ ಹೆಣೆದಿದ್ದು. ಅಮೆರಿಕದ ವಾಲ್ತಮ್ ಅನ್ನೋ ಊರಿನಲ್ಲಿ ರೇಥಿಯಾನ್ ಕಂಪನಿಯ ಕಾರ್ಖಾನೆಯಲ್ಲಿ. ಅವರಲ್ಲಿ ಬಟ್ಟೆ ಮಿಲ್ಲಿನಲ್ಲಿ ದುಡಿದು ಬಂದವರೂ ಇದ್ದರು. ತಂತಿ ಉಂಗುರದ ಒಳಗೆ ಹೋದ್ರೆ ಒಂದು, ಹೊರಗೆ ಹೋದ್ರೆ ಸೊನ್ನೆ. ಬದಲಾಗಬಾರದ ಲೆಕ್ಕಗಳನ್ನೆಲ್ಲ ಹೀಗೆ ಹೆಣೆದೇ ಹಾಕಿದ್ದರು. ಒಂದು ಎಳೆ ತಪ್ಪಿದ್ರೆ ಲೆಕ್ಕವೇ ತಪ್ಪು. ಇಂಜಿನಿಯರುಗಳು ತಮಾಷೆಗೆ ಅದಕ್ಕೆ ಅಜ್ಜಿಯರ ನೆನಪು ಅಂತ ಹೆಸರಿಟ್ಟಿದ್ದರಂತೆ. ತಮಾಷೆ ಅವರದು, ಕಣ್ಣು ಸೋತಿದ್ದು ಇವರದು.

ನಮ್ಮ ದೇಶದಲ್ಲೂ ಅದೇ ಉಂಗುರ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ಕಟ್ಟಿದ ಟಿಫ್ರಾಕ್ ಅನ್ನೋ ಕಂಪ್ಯೂಟರ್ 1960ರಲ್ಲಿ ಕೆಲಸ ಶುರು ಮಾಡಿತು, 1962ರಲ್ಲಿ ನೆಹರೂ ಅವರು ಅದಕ್ಕೆ ಹೆಸರಿಟ್ಟರು. ಅದರ ನೆನಪು 2,048 ಪದ, ಒಂದು ಪದಕ್ಕೆ 40 ಅಂಶ. ಗುಣಿಸಿ ನೋಡಿ, 81,920 ಉಂಗುರದ ಲೆಕ್ಕ. ನಮ್ಮ ಮಲ್ಲೇಶ್ವರದ ಆಚೆ ಇರೋ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆಗೆ, 1970ರ ಹೊತ್ತಿಗೆ ಐಬಿಎಂ 360 ಸಾಲಿನ ಯಂತ್ರ ಬಂತು. ಆ ಯಂತ್ರಗಳಲ್ಲೂ ನೆನಪು ಅಂದ್ರೆ ಇದೇ ಪೋಣಿಸಿದ ಉಂಗುರ, ಕೆಲಸ ಕೊಡೋದು ತೂತಿನ ರಟ್ಟಿನಲ್ಲಿ. ಒಂದು ಕಡೆ ಕಬ್ಬನ್‌ಪೇಟೆಯ ಮಗ್ಗ, ಇನ್ನೊಂದು ಕಡೆ ಇನ್‌ಸ್ಟಿಟ್ಯೂಟಿನ ಯಂತ್ರ, ಎರಡಕ್ಕೂ ತೂತಿನ ರಟ್ಟು, ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ.

ಈಗ ಮಗಳ ಹದಿನಾರು ಜಿಬಿ ಪಟ್ಟಿಗೆ ಬನ್ನಿ. ಅದರಲ್ಲಿ 13,700 ಕೋಟಿಗೂ ಹೆಚ್ಚು ಅಂಶ ಇವೆ. ಉಂಗುರದಲ್ಲಿ ಮಾಡೋದಾದ್ರೆ, ಸೆಕೆಂಡಿಗೆ ಒಂದರಂತೆ ಹಗಲೂ ರಾತ್ರಿ ಕೈ ಬಿಡದೆ ಪೋಣಿಸಿದ್ರೂ 4,300 ವರ್ಷ ಬೇಕು. ನಾನು ಎರಡೆರಡು ಸಲ ಲೆಕ್ಕ ಹಾಕಿ ನೋಡಿದೆ ಕಣ್ರೀ.

ಪೋಣಿಸೋ ಕಾಲ ಮುಗಿಸಿದ್ದು ಐಬಿಎಂನ ರಾಬರ್ಟ್ ಡೆನ್ನಾರ್ಡ್ ಅನ್ನೋ ಇಂಜಿನಿಯರ್. 1966ರಲ್ಲಿ ಹೊಳೆದ ಉಪಾಯ, 1968ರಲ್ಲಿ ಪೇಟೆಂಟ್ ಸಿಕ್ಕಿತು. ಒಂದು ಅಂಶಕ್ಕೆ ಒಂದು ಪುಟ್ಟ ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್, ಅಷ್ಟೇ ಸಾಕು ಅಂದರು. ಕೆಪಾಸಿಟರ್ ಅಂದ್ರೆ ಕರೆಂಟ್ ತುಂಬಿಡೋ ಕುಡಿಕೆ. ಆದರೆ ಅದು ಸೋರೋ ಕುಡಿಕೆ. ಒಂದು ಸೆಕೆಂಡಿನಲ್ಲಿ ಹತ್ತಾರು ಸಲ ಮತ್ತೆ ಮತ್ತೆ ತುಂಬ್ತಾನೇ ಇರಬೇಕು. ಬಾಗಿಲ ಮುಂದಿನ ರಂಗೋಲಿ ಹಾಗೆ, ಇವತ್ತು ಹಾಕಿದ್ದು ನಾಳೆಗೆ ಅಳಿಸಿರುತ್ತೆ, ದಿನಾ ಹಾಕಿದ್ರೇ ಮನೆಗೆ ಲಕ್ಷಣ. ಹಳೇ ಉಂಗುರದ ನೆನಪು ಕರೆಂಟ್ ಹೋದ್ರೂ ಮರೀತಿರಲಿಲ್ಲ. ಇದು ಕರೆಂಟ್ ಹೋದ ಕ್ಷಣವೇ ಎಲ್ಲ ಮರೆಯುತ್ತೆ. ಆದರೆ ಚಿಕ್ಕದು, ಅಗ್ಗ, ಕೈಕೆಲಸ ಬೇಡ. ಪ್ರಪಂಚ ಇದನ್ನೇ ಆರಿಸಿಕೊಂಡಿತು.

ಅಂಗಡಿಯಲ್ಲಿ ಸಿಗೋ ಅಂಥ ಮೊದಲ ಚಿಪ್ಪುಗಳಲ್ಲಿ ಹೆಸರಾಗಿದ್ದು ಇಂಟೆಲ್ 1103, ಬಂದಿದ್ದು 1970ರ ಅಕ್ಟೋಬರಿನಲ್ಲಿ. 1,024 ಅಂಶ, ಅಂದ್ರೆ 128 ಬೈಟ್. ಇವತ್ತು ಮೊಬೈಲಿನಲ್ಲಿ ಕಳಿಸೋ ಕನ್ನಡದ ಒಂದು ಅಕ್ಷರಕ್ಕೆ ಮೂರು ಬೈಟ್ ಬೇಕು, ಕೊಂಬು ಇಳಿಗೆ ಒತ್ತು ಬೇರೆ ಲೆಕ್ಕ. ಅಂದ್ರೆ ಆ ಚಿಪ್ಪಿನಲ್ಲಿ "ಕೊತ್ತಂಬರಿ ಸೊಪ್ಪು ಮರೀದೆ ತನ್ನಿ" ಅನ್ನೋದರ ಮೇಲೆ ಇನ್ನೊಂದೆರಡು ಮಾತು ಸೇರಿಸಿದ್ರೆ ತುಂಬಿಹೋಗ್ತಿತ್ತು. ಆದರೂ ಎರಡೇ ವರ್ಷದಲ್ಲಿ ಅದು ಉಂಗುರಗಳನ್ನ ಮೂಲೆಗೆ ತಳ್ಳೋಕೆ ಶುರು ಮಾಡಿತ್ತು.

1981ರಲ್ಲಿ ಐಬಿಎಂ ಮನೆಗೆ, ಆಫೀಸಿಗೆ ಅಂತ ಪಿಸಿ ಬಿಟ್ಟಾಗ ನೆನಪಿನ ಚಿಪ್ಪುಗಳನ್ನ ಒಂದೊಂದಾಗಿ ಬೋರ್ಡಿನ ಗುಳಿಗಳಿಗೆ ಚುಚ್ಚಬೇಕಿತ್ತು. ಜಾತಿಮಲ್ಲಿಗೆ ದಂಡೆಗೆ ಒಂದೊಂದೇ ಹೂವು ಸೇರಿಸಿದ ಹಾಗೆ. ಒಂದರ ಕಾಲು ಬಗ್ಗಿದ್ರೆ ಯಂತ್ರ ಏಳಲ್ಲ. ಆಮೇಲೆ ಬುದ್ಧಿವಂತರು ಚಿಪ್ಪುಗಳನ್ನ ಒಂದು ಉದ್ದನೆ ಪಟ್ಟಿಗೆ ಅಂಟಿಸಿ, ಪಟ್ಟಿಯನ್ನೇ ಸಂದಿಗೆ ಸಿಕ್ಕಿಸೋ ಹಾಗೆ ಮಾಡಿದರು. ಮೊದಲು 30 ಪಿನ್ನಿನ ಪಟ್ಟಿ ಬಂತು, ಆಮೇಲೆ 72 ಪಿನ್ನಿಂದು.

ಹೊಂದಾಣಿಕೆಯ ತಲೆನೋವು ಶುರುವಾಗಿದ್ದೂ ಆಗಲೇ. 30 ಪಿನ್ನಿನ ಪಟ್ಟಿ ಒಂದು ಸಲಕ್ಕೆ 8 ಅಂಶ ಕೊಡ್ತಿತ್ತು, ಆಗಿನ 486 ಪ್ರೊಸೆಸರ್ ಒಂದು ಸಲಕ್ಕೆ 32 ಕೇಳ್ತಿತ್ತು. ಹಾಗಾಗಿ ನಾಲ್ಕು ಪಟ್ಟಿ ಒಟ್ಟಿಗೇ ಹಾಕಬೇಕು, ಮೂರು ಹಾಕಿದ್ರೆ ಪ್ರಯೋಜನ ಇಲ್ಲ. 72 ಪಿನ್ನಿಂದು 32 ಕೊಡ್ತಿತ್ತು, ಆದರೆ 1993ರಲ್ಲಿ ಬಂದ ಪೆಂಟಿಯಮ್ 64 ಕೇಳ್ತು. ಸರಿ, ಜೋಡಿ ಹಾಕಬೇಕು. ಹೆಗಲು ಕೊಡೋರು ನಾಲ್ವರು ಬೇಕೋ ಇಬ್ಬರು ಸಾಕೋ ಅನ್ನೋದು ಪಲ್ಲಕ್ಕಿ ಮೇಲೆ ನಿಂತಿದೆ. ಇದು ಗೊತ್ತಿಲ್ಲದೆ ಒಂದೇ ಪಟ್ಟಿ ತಂದು ಪೆಚ್ಚಾದವರು ಆ ಕಾಲದಲ್ಲೂ ಇದ್ದರು, ನಾನೊಬ್ಬಳೇ ಅಲ್ಲ.

ಆ ಹೊತ್ತಿಗೆ ನಮ್ಮ ಎಸ್.ಪಿ. ರೋಡು ರಂಗಕ್ಕೆ ಬಂತು. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯಲ್ಲಿ ಕಸುಬಿಗೊಂದು ಬೀದಿ. ಅಕ್ಕಿಗೆ ಅಕ್ಕಿಪೇಟೆ, ಹತ್ತಿಗೆ ಅರಳೆಪೇಟೆ, ರಾಗಿಗೆ ರಾಗಿಪೇಟೆ. ಅದೇ ಚಾಳಿ ಮುಂದುವರೀತು. ಪುಸ್ತಕ ಬೇಕಂದ್ರೆ ಅವೆನ್ಯೂ ರೋಡು, ಕಾರಿನ ಬಿಡಿಭಾಗಕ್ಕೆ ಜೆ.ಸಿ. ರೋಡು, ನಟ್ಟು ಬೋಲ್ಟು ಮೋಟಾರು ತಂತಿಗೆ ಎಸ್.ಪಿ. ರೋಡು. ರೇಡಿಯೊ, ಟಿವಿ ಬಿಡಿಭಾಗ ಮಾರ್ತಿದ್ದ ಕಡೆ ಕಂಪ್ಯೂಟರಿನ ಬಿಡಿಭಾಗವೂ ಬಂದು ಕೂತಿತು. 1984ರಲ್ಲಿ ರಾಜೀವ್ ಗಾಂಧಿ ಸರ್ಕಾರ ಕಂಪ್ಯೂಟರ್ ಆಮದಿನ ಬಿಗಿ ಸಡಿಲಿಸಿತು, 1991ರ ಆರ್ಥಿಕ ನೀತಿ ಇನ್ನಷ್ಟು ಬಾಗಿಲು ತೆರೀತು. 1997ರಲ್ಲಿ ಭಾರತ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿದ ಮೇಲೆ ಇಂಥ ಸಾಮಾನಿನ ಸುಂಕ ವರ್ಷವರ್ಷಕ್ಕೂ ಇಳೀತಾ ಬಂತು. ಕಂಪನಿ ಕಂಪ್ಯೂಟರ್ ಕೊಳ್ಳೋಕೆ ಆಗದ ಮನೆಗಳಿಗೆ 'ಅಸೆಂಬಲ್ಡ್' ಅನ್ನೋ ಮಾತು ಬಂದಿದ್ದೇ ಆಗ.

ನಮ್ಮನೆಗೆ ಮೊದಲ ಕಂಪ್ಯೂಟರ್ 1998ರಲ್ಲಿ ಬಂತು, ಹೀಗೇ ಜೋಡಿಸಿದ್ದು. ಮೈದುನ ಸ್ಕೂಟರಿನ ಹಿಂದೆ ಡಬ್ಬ ಕಟ್ಟಿಕೊಂಡು ಚಾಮರಾಜಪೇಟೆಗೆ ತಂದಿದ್ದು ನೆನಪಿದೆ. ಅತ್ತೆ ಅದಕ್ಕೆ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಮೇಲೆ ಕ್ರೋಶಾದ ಹೊದಿಕೆ ಹೊದಿಸಿದ್ದರು. ಅದರಲ್ಲಿದ್ದಿದ್ದು 32 ಎಂಬಿ. ಇವತ್ತಿನ ಹದಿನಾರು ಜಿಬಿ ಅಂದ್ರೆ ಅಂಥ 512 ಕಂಪ್ಯೂಟರ್‌ಗಳ ನೆನಪು.

ಆ ಕಂಪ್ಯೂಟರಿನಲ್ಲಿ ಇದ್ದದ್ದು ಎಸ್‌ಡಿ ರ‍್ಯಾಮ್, 168 ಪಿನ್ನಿನ ಪಟ್ಟಿ. ಅದು ಒಂದೇ ಸಲಕ್ಕೆ 64 ಅಂಶ ಕೊಡೋದ್ರಿಂದ ಜೋಡಿಯ ಹಂಗು ತಪ್ಪಿತು, ಒಂದೇ ಪಟ್ಟಿ ಸಾಕು. ಉದ್ದ ಐದೂಕಾಲು ಇಂಚು. ಇಲ್ಲಿಂದ ಮುಂದೆ ನೋಡಿ ವಿಚಿತ್ರ. ಅವತ್ತಿಂದ ಇವತ್ತಿನವರೆಗೆ ಮೇಜಿನ ಕಂಪ್ಯೂಟರಿನ ರ‍್ಯಾಮ್ ಪಟ್ಟಿಯ ಉದ್ದ ಅದೇ ಐದೂಕಾಲು ಇಂಚು. ಒಳಗಿನ ಸಂಸಾರ ಮಾತ್ರ ಐದು ಸಲ ಬದಲಾಗಿದೆ.

ಈ ಅಳತೆಗಳನ್ನ ಗೊತ್ತು ಮಾಡೋದು ಜೆಡೆಕ್ ಅನ್ನೋ ಸಂಸ್ಥೆ, 1958ರಿಂದ ಇದೆ. ಚಿಪ್ ಮಾಡೋರು, ಬೋರ್ಡ್ ಮಾಡೋರು ಎಲ್ಲ ಒಂದೇ ಪಂಕ್ತಿಯಲ್ಲಿ ಕೂತು ಒಪ್ಪಿಕೊಳ್ಳೋ ಜಾಗ. ಡಿಡಿಆರ್‌ನ ನಿಯಮ 2000ದಲ್ಲಿ ಬಂತು, 184 ಪಿನ್. ಡಿಡಿಆರ್ 2 ಬಂದಿದ್ದು 2003ರಲ್ಲಿ, 240 ಪಿನ್. 2007ರ ಡಿಡಿಆರ್ 3ಕ್ಕೂ 240ನೇ. 2012ರ ಡಿಡಿಆರ್ 4ಕ್ಕೆ 288, 2020ರ ಡಿಡಿಆರ್ 5ಕ್ಕೂ 288ನೇ. ಎರಡು ಸಲ ಪಿನ್ನಿನ ಲೆಕ್ಕ ಹಾಗೇ ಉಳಿದು ತಲೆಮಾರು ಬದಲಾಗಿದೆ ನೋಡಿ. ಅಳತೆ ಹಿಡಿದುಕೊಂಡು ಅಂಗಡಿಗೆ ಹೋಗೋರು ಮೋಸ ಹೋಗೋದು ಇಲ್ಲೇ.

ಹಾಗಾದ್ರೆ ಒಂದರ ಜಾಗದಲ್ಲಿ ಒಂದು ಯಾಕೆ ಹಾಕಬಾರದು? ಕರೆಂಟಿನ ಲೆಕ್ಕ ಬೇರೆ. ಎಸ್‌ಡಿ ರ‍್ಯಾಮ್ 3.3 ವೋಲ್ಟ್ ಕುಡೀತಿತ್ತು. ಡಿಡಿಆರ್ 2.5, ಡಿಡಿಆರ್ 2 ಬಂದಾಗ 1.8, ಡಿಡಿಆರ್ 3ಕ್ಕೆ 1.5, ಡಿಡಿಆರ್ 4ಕ್ಕೆ 1.2, ಡಿಡಿಆರ್ 5ಕ್ಕೆ 1.1. ತಲೆಮಾರು ಇಳಿದ ಹಾಗೆಲ್ಲ ಊಟ ಕಮ್ಮಿ, ಓಟ ಜಾಸ್ತಿ. ನಮ್ಮ ಮಕ್ಕಳ ಹಾಗೇ ಅನ್ನಿ. ಅದೂ ಅಲ್ಲದೆ ಡಿಡಿಆರ್ 5ರಲ್ಲಿ ಕರೆಂಟ್ ಹದ ಮಾಡೋ ಚಿಪ್ಪು ಪಟ್ಟಿಯ ಮೇಲೇ ಇದೆ, ಮೊದಲು ಆ ಕೆಲಸ ಬೋರ್ಡಿಂದಾಗಿತ್ತು. ಯಾವ ಹಲ್ಲಿನಲ್ಲಿ ಏನು ಹರಿಯುತ್ತೆ ಅನ್ನೋದೂ ಬದಲಾಗಿದೆ. ತಪ್ಪಿ ಕೂತುಬಿಟ್ರೆ ಸುಟ್ಟುಹೋಗಬಹುದು. ಅದಕ್ಕೇ ಪ್ರತಿ ತಲೆಮಾರಿಗೂ ಕಚ್ಚನ್ನ ಕೊಂಚ ಜರುಗಿಸಿಬಿಟ್ಟರು. ಬರಹ ಓದೋಕೆ ಬರದವರಿಗೂ, ಓದೋಕೆ ಬಂದೂ ಚೀಟಿ ಮರೆತವರಿಗೂ ಅದೊಂದು ಕೈಯಡ್ಡ.

ಎಲ್ಲರೂ ಕೂತು ಒಪ್ಪಿದ್ದು ಉಳಿಯುತ್ತೆ, ಒಬ್ಬರು ಹೇರಿದ್ದು ಉಳಿಯೋದು ಕಷ್ಟ ಅನ್ನೋದಕ್ಕೂ ಇಲ್ಲಿ ಒಂದು ಕಥೆ ಇದೆ. 2000ದ ಕೊನೆಯಲ್ಲಿ ಇಂಟೆಲ್‌ನ ಪೆಂಟಿಯಮ್ 4 ಬಂದಾಗ ಅದಕ್ಕೆ ರ‍್ಯಾಂಬಸ್ ಕಂಪನಿಯ ಆರ್‌ಡಿ ರ‍್ಯಾಮ್ ಅನ್ನೋದೇ ಬೇಕಿತ್ತು. ದುಬಾರಿ. ಜೋಡಿಯಾಗೇ ಹಾಕಬೇಕು. ಸಾಲದ್ದಕ್ಕೆ ಖಾಲಿ ಸಂದಿಗೂ ಒಂದು ಡಮ್ಮಿ ಪಟ್ಟಿ ಸಿಕ್ಕಿಸಬೇಕು, ಇಲ್ಲದಿದ್ರೆ ಕೆಲಸ ಮಾಡಲ್ಲ. ಊಟಕ್ಕೆ ಬಾರದವರಿಗೂ ಎಲೆ ಹಾಕಲೇಬೇಕು ಅಂದ ಹಾಗೆ. ಜನ ಅಗ್ಗದ ಡಿಡಿಆರ್ ಕಡೆ ವಾಲಿದರು. ಮುಂದಿನ ವರ್ಷವೇ ಇಂಟೆಲ್ ಸಾಮಾನ್ಯ ಎಸ್‌ಡಿ ರ‍್ಯಾಮಿಗೆ ಹೊಂದೋ ಬೋರ್ಡಿಗೆ ದಾರಿ ಮಾಡಿಕೊಟ್ಟಿತು, ಆಮೇಲೆ ಡಿಡಿಆರ್‌ಗೂ. ಆರ್‌ಡಿ ರ‍್ಯಾಮ್ ಕೊಂಡವರ ಕೈಲಿ ದುಬಾರಿ ಪಟ್ಟಿ ಉಳೀತು.

ಈಗ ನಮ್ಮ ಕಾಲಕ್ಕೆ ಬರೋಣ. ಭಾವನ ಮಗನದು ಎಎಂಡಿ ಕಂಪನಿಯ ಎಎಂ 4 ಬೋರ್ಡು, ಅದಕ್ಕೆ ಡಿಡಿಆರ್ 4. ಮಗಳದು 2022ರಲ್ಲಿ ಬಂದ ಎಎಂ 5, ಅದಕ್ಕೆ ಡಿಡಿಆರ್ 5 ಬಿಟ್ಟು ಬೇರೇನೂ ಆಗಲ್ಲ. ಇಂಟೆಲ್‌ದು ಇನ್ನೂ ಗೋಜಲು. ಅದರ 12, 13, 14ನೇ ತಲೆಮಾರಿನ ಪ್ರೊಸೆಸರ್‌ಗಳು ಡಿಡಿಆರ್ 4ನ್ನೂ ಒಪ್ಪುತ್ತವೆ, 5ನ್ನೂ ಒಪ್ಪುತ್ತವೆ, ಆದರೆ ಬೋರ್ಡು ಒಂದನ್ನೇ ಒಪ್ಪುತ್ತೆ. ಅಳಿಯ ಹೂಂ ಅಂದ್ರೆ ಆಗಲ್ಲ, ಅತ್ತೆ ಮನೆ ಏನನ್ನುತ್ತೆ ಅಂತ ಕೇಳಬೇಕು. ಲ್ಯಾಪ್‌ಟಾಪಿಂದು ಪಟ್ಟಿಯೇ ಗಿಡ್ಡ, ಅದು ಇಲ್ಲಿಗೆ ಬರಲ್ಲ.

ಗೋತ್ರ ಕೂಡಿದ ಮೇಲೂ ನೋಡೋದು ಇದೆ. ಒಂದು ದೊಡ್ಡ ಪಟ್ಟಿಗಿಂತ ಅದೇ ಒಟ್ಟು ಅಳತೆಯ ಎರಡು ಪಟ್ಟಿ ಒಳ್ಳೇದು, ಎರಡು ಒಲೇಲಿ ಅಡುಗೆ ಮಾಡಿದ ಹಾಗೆ ಬೇಗ ಆಗುತ್ತೆ. ಆ ಎರಡೂ ಒಂದೇ ಡಬ್ಬದಲ್ಲಿ ಜೋಡಿಯಾಗಿ ಬಂದಿದ್ದಾಗಿರಬೇಕು. ಬೇರೆಬೇರೆ ತಂದು ಸೇರಿಸಿದ್ರೆ ನಿಧಾನದ್ದರ ನಡಿಗೆಗೇ ಇನ್ನೊಂದೂ ನಡೀಬೇಕು, ಕೆಲವು ಸಲ ಎರಡೂ ಮುನಿಸಿಕೊಳ್ಳುತ್ತವೆ. ನಾಲ್ಕು ಸಂದಿ ಇದ್ರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೇದು, ನಾಲ್ಕನೇದಕ್ಕೆ ಹಾಕೋದು, ಬೋರ್ಡಿನ ಪುಸ್ತಕದಲ್ಲಿ ಚಿತ್ರ ಇರುತ್ತೆ. ಆ ಬೋರ್ಡಿನಲ್ಲಿ ಪರೀಕ್ಷಿಸಿ ನೋಡಿದ ರ‍್ಯಾಮ್‌ಗಳ ಪಟ್ಟಿಯನ್ನೂ ಬೋರ್ಡ್ ಕಂಪನಿಯವರೇ ಕೊಟ್ಟಿರ್ತಾರೆ. ಡಬ್ಬದ ಮೇಲೆ 6000 ಅಂತ ವೇಗ ಬರೆದಿದ್ರೂ ಹಾಕಿದ ಕೂಡಲೇ ಅಷ್ಟು ಓಡಲ್ಲ, ಬಯೋಸ್ ಒಳಗೆ ಹೋಗಿ ಎಕ್ಸ್‌ಪೋ ಇಲ್ಲವೇ ಎಕ್ಸ್‌ಎಂಪಿ ಅನ್ನೋದನ್ನ ಒಂದು ಸಲ ಆನ್ ಮಾಡಬೇಕು. ಬಣ್ಣದ ದೀಪ, ಎತ್ತರದ ಗೋಪುರ ಇರೋ ರ‍್ಯಾಮ್ ಕೆಲವು ಸಲ ಪಕ್ಕದ ಫ್ಯಾನಿಗೆ ತಾಗುತ್ತೆ. ದೀಪ ಇದ್ರೆ ನೆನಪೇನೂ ಜಾಸ್ತಿ ಆಗಲ್ಲ.

ರೇಟಿನ ವಿಷಯ ಹೇಳದೆ ಇದ್ರೆ ನೀವು ಬಿಡಲ್ಲ. ರ‍್ಯಾಮ್ ಬೆಲೆ ಈರುಳ್ಳಿ ಥರ, ಎಲ್ಲೋ ಮಳೆ ಬಿದ್ರೆ ಇಲ್ಲಿ ಏರುತ್ತೆ. 1993ರ ಜುಲೈನಲ್ಲಿ ಜಪಾನಿನ ಸುಮಿಟೊಮೊ ಕೆಮಿಕಲ್ ಕಾರ್ಖಾನೆಯೊಂದರಲ್ಲಿ ಸ್ಫೋಟ ಆಯ್ತು. ಅಲ್ಲಿ ಮಾಡ್ತಿದ್ದಿದ್ದು ಚಿಪ್ಪಿನ ಕಪ್ಪು ಹೊದಿಕೆಗೆ ಬೇಕಾದ ಅಂಟು. ಅಂಟು ನಿಂತಿತು, ಪ್ರಪಂಚದ ತುಂಬಾ ರ‍್ಯಾಮ್ ಬೆಲೆ ಜಿಗೀತು. 1999ರ ಸೆಪ್ಟೆಂಬರಿನಲ್ಲಿ ತೈವಾನಿನಲ್ಲಿ ಭೂಕಂಪ ಆಯ್ತು, ಮತ್ತೆ ಜಿಗೀತು. ಪಟ್ಟಿಯ ಮೇಲೆ ಹತ್ತಾರು ಕಂಪನಿ ಹೆಸರು ಇದ್ರೂ ಒಳಗಿನ ಚಿಪ್ಪು ಬಹುಪಾಲು ಮಾಡೋದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಅನ್ನೋ ಮೂರೇ ಮನೆ. ಅವರು ಎಐ ಕಂಪ್ಯೂಟರ್‌ಗಳ ಕಡೆ ತಿರುಗಿದ್ದಕ್ಕೆ 2025ರ ಕೊನೆಗೆ ಬೆಲೆ ಮತ್ತೆ ಹಾರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ, ನಮ್ಮಂಥ ಮನೆಮಂದಿಗೆ ಕ್ರೂಷಿಯಲ್ ಹೆಸರಿನಲ್ಲಿ ಮಾರೋ ರ‍್ಯಾಮ್ ವ್ಯಾಪಾರವನ್ನೇ ನಿಲ್ಲಿಸ್ತೀವಿ ಅಂತ ಹೇಳಿಬಿಟ್ಟಿತು. ಇಂಥ ಹೊತ್ತಿನಲ್ಲಿ ತಪ್ಪು ಪಟ್ಟಿ ತರೋದು ಅಂದ್ರೆ ಹುಡುಗಾಟ ಅಲ್ಲ.

ನಮ್ಮ ಕಥೆ ಮುಗಿಸಿಬಿಡ್ತೀನಿ. ಮಾರನೇ ದಿನ ತಾಯಿ ಮಗಳು ಇಬ್ಬರೂ ಎಸ್.ಪಿ. ರೋಡಿಗೆ ಹೋದ್ವಿ. ಪ್ಯಾಕೆಟ್ ಒಡೆದಿದ್ದು ನಾನು, ತಪ್ಪು ನಂದೇ. ನಾನೂರು ರೂಪಾಯಿ ಮುರ್ಕೊಂಡು ಬದಲಿಸಿಕೊಟ್ಟರು, ಮೇಲೆ ಬಿದ್ದ ವ್ಯತ್ಯಾಸ ನಾನು ಸಾಸಿವೆ ಡಬ್ಬದಿಂದ ಕೊಟ್ಟೆ. ಈ ಸಲ ಎಂಟು ಎಂಟರ ಜೋಡಿ, ಡಿಡಿಆರ್ 5. ರಾತ್ರಿ ಊಟ ಆದ ಮೇಲೆ ಊಟದ ಮೇಜಿನ ಮೇಲೇ ಜೋಡಿಸಿದ್ಲು. ಈ ಸಲ ಕಚ್ಚಿಗೆ ಕಚ್ಚು ಕೂತು ಟಕ್ ಅಂತ ಸದ್ದು ಬಂತು. ಕರೆಂಟ್ ಕೊಟ್ಟಳು. ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪು. ಒಂದು ನಿಮಿಷ ಆಯ್ತು, ಎರಡಾಯ್ತು. ನಮ್ಮನೆಯವರು "ಸುಟ್ಟುಹೋಯ್ತೇನೋ, ಆರಿಸಿಬಿಡು" ಅಂದರು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ನನಗೋ ಹಿಂದಿನ ಸಂಜೆ ಹೆಬ್ಬೆರಳಲ್ಲಿ ಒತ್ತಿದ್ದೇ ಕಣ್ಮುಂದೆ.

"ಆರಿಸಬೇಡ, ಪುಸ್ತಕದಲ್ಲಿ ಏನು ಬರೆದಿದೆ ಓದು" ಅಂದೆ. ಓದಿದ್ಲು. ಡಿಡಿಆರ್ 5ಕ್ಕೆ ಮೊದಲ ಸಲ ಬೋರ್ಡು ತಾಲೀಮು ಕೊಡುತ್ತಂತೆ, ಎಷ್ಟು ವೇಗ, ಎಷ್ಟು ಕರೆಂಟು ಹೊಂದುತ್ತೆ ಅಂತ ಒಂದೊಂದೇ ಪರೀಕ್ಷೆ ಮಾಡಿ ನೋಡುತ್ತಂತೆ, ಕೆಲವು ನಿಮಿಷ ಹಿಡಿಯಬಹುದು, ನಡುವೆ ಆರಿಸಬಾರದು. ಹೊಸಬರು ಮನೆಗೆ ಬಂದಾಗ ಎರಡೂ ಕಡೆಯವರು ಸ್ವಲ್ಪ ಹೊತ್ತು ಮಾತಾಡದೆ ಕೂರ್ತಾರಲ್ಲ, ಹಾಗೆ. ನಾನು ಕಾಫಿಗೆ ನೀರಿಟ್ಟೆ. ಡಿಕಾಕ್ಷನ್ ಇಳಿಯೋದ್ರೊಳಗೆ ಒಳಗಿಂದ ಅವಳ ಕೂಗು ಕೇಳಿಸಿತು. ಪರದೆ ಬೆಳಗಿತ್ತು, ಅದರ ಮೂಲೇಲಿ 16 ಜಿಬಿ ಅಂತ ಬರೆದಿತ್ತು.

ಭಾವನ ಮಗನ ಅಳತೆ ಪಟ್ಟಿ ಇನ್ನೂ ನಮ್ಮನೇಲೇ ಇದೆ, ವಾಪಸ್ ಕೊಡಬೇಕು. ಫ್ರಿಜ್ ಮೇಲೆ ಉಳಿದಿದ್ದ ಆ ಚೀಟಿಯನ್ನ ಈಗ ಅಡುಗೆಮನೆ ಕಪಾಟಿನ ಒಳಬಾಗಿಲಿಗೆ ಅಂಟಿಸಿದ್ದೀನಿ. ಮೊದಲು ಬೋರ್ಡಿನ ಹೆಸರು, ಆಮೇಲೆ ಡಿಡಿಆರ್ ಎಷ್ಟು, ಆಮೇಲೆ ಜೋಡಿಯೋ ಒಂಟಿಯೋ, ಕೊನೆಗೆ ಜಿಬಿ. ನಾನು ಕೊನೇದನ್ನ ಮಾತ್ರ ತಲೇಲಿಟ್ಟುಕೊಂಡು ಹೋಗಿದ್ದೆ. ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಕಂಪ್ಯೂಟರ್ ಕಟ್ತೀನಿ ಅಂದ್ರೆ ಬಂದು ಆ ಚೀಟಿ ಬರ್ಕೊಂಡು ಹೋಗಿ. ಬಂದಾಗ ಕಾಫಿ ಇದ್ದೇ ಇರುತ್ತೆ.